ದೇಸಾಯರಿಗೆ ಬದಲು ಇಬ್ಬರು ಹುಡುಗರು

ಶರಣಪ್ಪನ ಫೋನು ಬರುವ ದಿನ ಜಗನ್ನಾಥ ಆಫೀಸಿನಲ್ಲಿ ಯಾರ ಕೈಗೂ ಸಿಗುತ್ತಿರಲಿಲ್ಲ. ಹೀಥ್ರೂ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದ್ದ ಸರಕು ಸಾಗಣೆ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಅವನ ಕೆಲಸ. ಐದು ಹೊಡೆಯುತ್ತಲೇ ಕೋಟು ಹಾಕಿಕೊಂಡು, ಬಸ್ಸು ಹಿಡಿದು ಹೌನ್ಸ್ಲೋದ ತನ್ನ ಫ್ಲ್ಯಾಟಿಗೆ ಬಂದು, ಬೂಟು ಬಿಚ್ಚುವುದಕ್ಕೂ ಮೊದಲು ರಿಸೀವರ್ ಎತ್ತಿ ಸದ್ದು ಬರುತ್ತಿದೆಯೇ ಎಂದು ನೋಡುತ್ತಿದ್ದ. ಫೋನು ಸರಿಯಾಗಿಯೇ ಇರುತ್ತಿತ್ತು. ಅದಕ್ಕೇನು ಧಾಡಿ, ವಾರಕ್ಕೊಂದು ದಿನದ ದುಡಿಮೆ.

ಶರಣಪ್ಪ ಇದ್ದದ್ದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ. ಅವನಿಗೆ ಮಧ್ಯಾಹ್ನದ ಊಟದ ಬಿಡುವು ಸಿಗುವ ಹೊತ್ತಿಗೆ ಲಂಡನ್ನಿನಲ್ಲಿ ಸಂಜೆ ಆರು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗಿನಿಂದ ಇಬ್ಬರೂ ಗೆಳೆಯರು. ಆಮೇಲೆ ಕ್ಲೀವ್‌ಲ್ಯಾಂಡಿನಲ್ಲಿ ಒಂದೇ ಮನೆಯಲ್ಲಿ ಮೂರ್ನಾಲ್ಕು ವರ್ಷ ಕೂಡಿಯೇ ಇದ್ದವರು. ಜಗನ್ನಾಥ ಲಂಡನ್ನಿಗೆ ಬಂದು ಒಂಬತ್ತು ವರ್ಷವಾಗಿತ್ತು. ಇಷ್ಟು ವರ್ಷ ಅವರಿಬ್ಬರನ್ನೂ ಹಿಡಿದಿಟ್ಟ ಹಗ್ಗ ಯಾವುದು ಎಂದು ಕೇಳಿದರೆ ಯಾರಿಗಾದರೂ ನಗು ಬಂದೀತು. ಅದು ಬೇಸ್‌ಬಾಲ್, ಅದೂ ಕಾಗದದ ಮೇಲಿನದು.

ಆಗಿನ ಗೆಳೆಯರು ಆರು ಜನ, ಎಲ್ಲರೂ ಉತ್ತರ ಕರ್ನಾಟಕದವರು, ಸೇರಿ ಕಟ್ಟಿಕೊಂಡ ಆಟ ಅದು. ಅಮೆರಿಕದ ನಿಜವಾದ ಆಟಗಾರರನ್ನು ಇವರು ಹೆಸರು ಹಿಡಿದು ಹಂಚಿಕೊಳ್ಳುವರು. ಆ ಆಟಗಾರರು ಮೈದಾನದಲ್ಲಿ ಹೊಡೆದದ್ದು, ಎಸೆದದ್ದು, ಓಡಿದ್ದು ಎಲ್ಲ ಇವರ ತಂಡದ ಲೆಕ್ಕಕ್ಕೆ. ಆರು ತಿಂಗಳ ಆಟ ಮುಗಿದಾಗ ಯಾರ ಲೆಕ್ಕ ಹೆಚ್ಚೋ ಅವನು ಗೆದ್ದ. ಗೆದ್ದವನಿಗೆ ಒಂದು ಹಿತ್ತಾಳೆ ತಂಬಿಗೆ. ಮಗ ಅಮೆರಿಕಕ್ಕೆ ಹೊರಟಾಗ ಶರಣಪ್ಪನ ತಾಯಿ ನಾಗವ್ವ ಟ್ರಂಕಿನೊಳಗೆ ತುರುಕಿ ಕಳಿಸಿದ್ದ ತಂಬಿಗೆ ಅದು. ವರ್ಷಾ ವರ್ಷಾ ಪಾರ್ಸಲ್ಲಿನಲ್ಲಿ ಊರಿಂದೂರಿಗೆ ತಿರುಗಿ ತಿರುಗಿ ಅದರ ಕಂಠ ಸೊಟ್ಟಗಾಗಿತ್ತು. ಜಗನ್ನಾಥನ ಮನೆಗೆ ಮಾತ್ರ ಒಮ್ಮೆಯೂ ಬಂದಿರಲಿಲ್ಲ.

ಆಟಕ್ಕೆ ಎರಡು ಪದ್ಧತಿಗಳಿದ್ದವು. ಒಂದು, ಕೈಗೆ ಬಂದ ಆಟಗಾರನಿಗೆ ನಮ್ಮ ಕಡೆಯ ಹೆಸರಿಟ್ಟು ನಾಮಕರಣ ಮಾಡಬೇಕು. ಆ ಅಮೆರಿಕದವರ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲವೆಂದು ಶುರುವಾದದ್ದು ಕೊನೆಗೆ ಕಟ್ಟಳೆಯೇ ಆಯಿತು. ಎರಡನೆಯದು ಶರಣಪ್ಪನ ಅಪ್ಪನಿಂದ ಬಂದದ್ದು. ಆತ ದನದ ಸಂತೆಯಲ್ಲಿ ಎತ್ತು ಮಾರುವಾಗ ಅದರ ಮೈಮೇಲಿನ ಕೆಟ್ಟ ಸುಳಿ ಎಲ್ಲಿದೆ ಎಂದು ತಾನೇ ತೋರಿಸಿ ಮಾರುತ್ತಿದ್ದನಂತೆ. ಹಾಗೆಯೇ ಇವರಲ್ಲೂ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಮುಂಚೆ ಇಬ್ಬರೂ ‘ಸುಳಿ ಹೇಳಬೇಕು’. ಕೊಡುವ ಆಟಗಾರನಲ್ಲಿ ಏನು ಐಬಿದೆ, ತಾನು ಯಾಕೆ ಕೊಡುತ್ತಿದ್ದೇನೆ, ಒಳಗಿನದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಒಬ್ಬ ‘ಕೊಟ್ಟೆ’ ಎನ್ನಬೇಕು, ಇನ್ನೊಬ್ಬ ‘ತಗೊಂಡೆ’ ಎನ್ನಬೇಕು. ಬರೆದು ಕಳಿಸಿದರೆ ನಡೆಯದು, ದನಿಯೇ ಆಗಬೇಕು. ಸುಳಿ ಮುಚ್ಚಿಟ್ಟದ್ದು ಮುಂದೆ ಬಯಲಾದರೆ ವ್ಯಾಪಾರ ಮುರಿಯಿತು.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಜಗನ್ನಾಥನ ತಂಡ ಎಂದೂ ಇಲ್ಲದ ಹಾಗೆ ಎರಡನೆಯ ಸ್ಥಾನಕ್ಕೆ ಏರಿತ್ತು. ಕೊರತೆ ಇದ್ದದ್ದು ಒಬ್ಬ ಒಳ್ಳೆಯ ಪಿಚರ್‌ದು, ಅಂದರೆ ಚೆಂಡೆಸೆಯುವವನದು. ಬೇಸ್‌ಬಾಲ್ ತಂಡದ ಅರ್ಧ ಜೀವ ಅವನ ಭುಜದಲ್ಲೇ ಇರುತ್ತದೆ. ಅಂಥವನೊಬ್ಬ ಶರಣಪ್ಪನ ಬಳಿ ಇದ್ದ. ಟೆಕ್ಸಾಸಿನ ಆಸಾಮಿ, ಆರೂವರೆ ಅಡಿ, ನಕ್ಕಿದ್ದನ್ನು ಕಂಡವರಿಲ್ಲ, ಮೂವತ್ತೈದು ಮುಟ್ಟಿದ್ದರೂ ಎಸೆತದ ಬಿರುಸು ತಗ್ಗಿರಲಿಲ್ಲ. ಅವನ ಗತ್ತು ನೋಡಿ ಶರಣಪ್ಪ ಅವನಿಗೆ ದೇಸಾಯಿ ಎಂದು ಹೆಸರಿಟ್ಟಿದ್ದ. ಆಮೇಲೆ ಏಕವಚನ ಯಾರ ಬಾಯಿಗೂ ಬಾರದೆ ಅವನು ‘ದೇಸಾಯರು’ ಆದ.

“ದೇಸಾಯರನ್ನ ಕಳಸ್ತೀನಿ ನೋಡಲೇ,” ಎಂದ ಶರಣಪ್ಪ ಜೂನ್ ತಿಂಗಳಲ್ಲಿ ಒಂದು ದಿನ. “ನಿನ್ನ ಗುಂಡ್ಯಾ, ಚನಬಸ್ಯಾ, ಆ ಇಬ್ಬರು ಹುಡುಗರನ್ನ ಈ ಕಡೆ ಕಳಸು. ಮುಗದ ಹೋತು.”

ಗುಂಡ್ಯಾ, ಚನಬಸ್ಯಾ ಇಬ್ಬರೂ ಇನ್ನೂ ದೊಡ್ಡ ತಂಡಗಳ ಮೆಟ್ಟಿಲು ಹತ್ತದ ಹುಡುಗರು. ಯಾವುದೋ ಸಣ್ಣ ಊರುಗಳ ಸಣ್ಣ ತಂಡಗಳಲ್ಲಿ ಆಡುತ್ತಾ, ಬಸ್ಸಿನಲ್ಲಿ ಮಲಗುತ್ತಾ, ತಮ್ಮ ಪಾಳಿ ಬರಲಿ ಎಂದು ಕಾಯುತ್ತಿದ್ದವರು. ಗುಂಡ್ಯಾ ಬಲವಾಗಿ ಹೊಡೆಯುವವ, ಚನಬಸ್ಯಾ ಗಾಳಿಯ ಹಾಗೆ ಓಡುವವ. ಜಗನ್ನಾಥ ಅವರನ್ನು ಆರಿಸಿಕೊಂಡಾಗ ಇಬ್ಬರಿಗೂ ಮೀಸೆ ಸರಿಯಾಗಿ ಚಿಗುರಿರಲಿಲ್ಲ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಒಂದು ದಿನ ತಡವಾಗಿ ಸಿಗುವ ಅಮೆರಿಕದ ಪತ್ರಿಕೆ ಕೊಂಡು, ಬಸ್ಸಿನಲ್ಲಿ ನಿಂತೇ ಸಣ್ಣಕ್ಷರದಲ್ಲಿ ಅವರ ಹೆಸರು ಹುಡುಕುತ್ತಿದ್ದ. ಗುಂಡ್ಯಾ ಹೊಡೆದಿದ್ದರೆ ಅವತ್ತು ಅನ್ನಕ್ಕೆ ಒಂದು ಚಮಚ ತುಪ್ಪ ಹೆಚ್ಚು.

“ಅವರನ್ನ ಹೆಂಗ ಕೊಡ್ಲಿಕ್ಕಾಗ್ತದೋ?” ಎಂದ ಜಗನ್ನಾಥ. “ಎರಡು ವರ್ಷ ತಡಿ. ಇಬ್ಬರೂ ಹೆಂಗ ಬೆಳೀತಾರ ನೋಡು.”

“ಒಂಬತ್ತ ವರ್ಷದಿಂದ ಇದನ್ನ ಹೇಳಾಕತ್ತೀಯಲ್ಲಲೇ. ಮುಂದಿನ ವರ್ಷ, ಮುಂದಿನ ವರ್ಷ. ತಂಬಿಗಿ ಬ್ಯಾಡೇನ ನಿನಗ?”

“ಬೇಕು. ಆದರ ದೇಸಾಯರ ಮೊಣಕೈ ಹೆಂಗದ ಅಂತ ನಾ ನೋಡಬೇಕಲ್ಲ. ವಿಚಾರ ಮಾಡ್ತೀನಿ. ಮುಂದಿನ ವಾರ ಹಚ್ಚು ನೀ.”

ಮುಂದಿನ ವಾರವೂ ಶರಣಪ್ಪ ಫೋನು ಹಚ್ಚಿದ. ಅದರ ಮುಂದಿನ ವಾರವೂ ಹಚ್ಚಿದ.

ಜಗನ್ನಾಥನ ವಿಚಾರ ಮೊದಲ ವಾರದಲ್ಲೇ ಮುಗಿದಿತ್ತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅವನೇನು ದಡ್ಡನಲ್ಲ. ದೇಸಾಯರು ಬಂದರೆ ಗೆಲುವು ಖಂಡಿತ. ಹುಡುಗರು ಬೆಳೆಯುತ್ತಾರೋ ಕಮರುತ್ತಾರೋ ಯಾರು ಕಂಡವರು. ಯಾವ ಎಳೆಮಗುವನ್ನು ಕೇಳಿದರೂ ಕೊಟ್ಟುಬಿಡು ಎನ್ನುವ ವ್ಯಾಪಾರ. ಆದರೂ ಅವನು ಮೀನಮೇಷ ಎಣಿಸಿದ. ‘ಕೊಟ್ಟೆ, ತಗೊಂಡೆ’ ಎಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ. ಮಾತು ಮುಗಿದರೆ ಮುಂದಿನ ವಾರ ಫೋನು ಮಾಡಲು ಶರಣಪ್ಪನಿಗೆ ಕಾರಣವಿರುವುದಿಲ್ಲ. ಬೇರೆ ವರ್ಷಗಳಲ್ಲಿ ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಫೋನು ಈ ಸಲ ವಾರವಾರವೂ ಬರುತ್ತಿತ್ತು. ಆ ಇಬ್ಬರು ಹುಡುಗರು ಕೈಯಲ್ಲಿರುವವರೆಗೆ ಬರುತ್ತಿತ್ತು.

ತಾನೇ ಫೋನು ಮಾಡಬಹುದಿತ್ತಲ್ಲ ಎಂದು ಕೇಳಬಹುದು. ಅದು ಅವನಿಗೆ ಹೊಳೆಯಲೇ ಇಲ್ಲ ಎಂದರೆ ನೀವು ನಂಬುವುದಿಲ್ಲ. ಆದರೆ ನಿಜ. ಕಾರಣವಿಲ್ಲದೆ ಒಬ್ಬರ ಮನೆಗೆ ಫೋನು ಮಾಡುವುದೆಂದರೆ ಅವನಿಗೆ ಕರೆಯದೆ ಊಟಕ್ಕೆ ಹೋಗಿ ಕೂತ ಹಾಗೆ. ಇಬ್ಬರು ತಂಗಿಯರ ಮದುವೆ ಮುಗಿಸುವ ಹೊತ್ತಿಗೆ ಅವನ ಮದುವೆಯ ಮಾತು ಎತ್ತುವವರೇ ಇಲ್ಲವಾಗಿದ್ದರು. ಒಂಟಿ ಬದುಕಿನಲ್ಲಿ ಬಾಯಿ ಕೆಲಸಕ್ಕಷ್ಟೇ ತೆರೆದು ರೂಢಿಯಾಗಿತ್ತು.

ಇನ್ನೂ ಒಂದು ಸಂಗತಿ. ತನ್ನ ಮನೆಮಾತು, ಧಾರವಾಡದ ಮಾತು, ಅವನ ಬಾಯಿಂದ ಹೊರಡುತ್ತಿದ್ದುದು ಆ ಫೋನಿನಲ್ಲಿ ಮಾತ್ರ. ಆಫೀಸಿನಲ್ಲಿ ಇಂಗ್ಲಿಷು. ಕನ್ನಡಿಗರು ಸೇರಿದಲ್ಲಿ ಬೇರೊಂದು ಬಗೆಯ ಕನ್ನಡ. ಜುಲೈ ಮಧ್ಯದ ಒಂದು ಭಾನುವಾರ ಸ್ಟ್ಯಾನ್ಮೋರಿನಲ್ಲಿ ಡಾಕ್ಟರ್ ನರಸಿಂಹಮೂರ್ತಿಯವರ ಮನೆಯಲ್ಲಿ ಊಟವಿತ್ತು. ಮೈಸೂರಿನವರು, ಆಸ್ಪತ್ರೆಯಲ್ಲಿ ಕನ್ಸಲ್ಟೆಂಟ್, ಹಿತ್ತಿಲಲ್ಲಿ ಸೇಬಿನ ಮರವಿರುವ ದೊಡ್ಡ ಮನೆ. ಅಲ್ಲಿ ಮೆಟ್ಟಿಲು ಹತ್ತುವಾಗಲೇ ಜಗನ್ನಾಥನ ನಾಲಿಗೆ ತಾನಾಗಿ ಬಟ್ಟೆ ಬದಲಿಸಿಕೊಳ್ಳುತ್ತಿತ್ತು.

“ಏನು ಜಗನ್ನಾಥ್ ಅವ್ರೇ, ಏನೋ ಯೋಚ್ನೆ ಮಾಡ್ತಿದೀರಲ್ಲ?” ಎಂದು ಡಾಕ್ಟರ ಹೆಂಡತಿ ಚಂದ್ರಿಕಾ ತಟ್ಟೆಗೆ ಬಿಸಿಬೇಳೆಬಾತ್ ಬಡಿಸುತ್ತಾ ಕೇಳಿದರು.

ಅವನಿಗೆ ಹೇಳಬೇಕೆನಿಸಿತು. “ಒಬ್ಬ ದೊಡ್ಡ ಆಟಗಾರನಿಗೋಸ್ಕರ ಇಬ್ಬರು ಹುಡುಗರನ್ನ ಬಿಟ್ಟುಕೊಡಬೇಕಾ ಅಂತ,” ಎಂದು ಶುರು ಮಾಡಿ, ಬೇಸ್‌ಬಾಲ್ ಎಂದರೇನು, ಕಾಗದದ ಮೇಲಿನ ತಂಡವೆಂದರೇನು ಎಂದು ವಿವರಿಸಿದ. ವಿವರಿಸುತ್ತಾ ಹೋದಂತೆ ಅವನಿಗೇ ತನ್ನ ಮಾತು ಪೆದ್ದುಪೆದ್ದಾಗಿ ಕೇಳಿಸಿತು.

“ಕ್ರಿಕೆಟ್ ಆಗಿದ್ರೆ ಏನಾದ್ರೂ ಹೇಳಬಹುದಿತ್ತು,” ಎಂದರು ಡಾಕ್ಟರು. ಅವರ ಮಗಳು ಧೃತಿ ಸೋಫಾದ ಮೇಲಿಂದಲೇ, “ಅಂಕಲ್, ವೈ ಡೋಂಟ್ ಯು ಜಸ್ಟ್ ಪ್ಲೇ ಇಟ್ ಆನ್‌ಲೈನ್? ಯು ಡೋಂಟ್ ಈವನ್ ಹ್ಯಾವ್ ಟು ಟಾಕ್ ಟು ಎನಿವನ್,” ಎಂದಳು. ಒಳ್ಳೆಯ ಹುಡುಗಿ, ಉಪಕಾರವಾಗಲಿ ಎಂದೇ ಹೇಳಿದ್ದು. ಜಗನ್ನಾಥ ನಕ್ಕು ತಟ್ಟೆ ನೋಡಿಕೊಂಡ. ಅವತ್ತು ಟ್ಯೂಬ್ ರೈಲಿನಲ್ಲಿ ಮನೆಗೆ ಮರಳುವಾಗ ಅವನಿಗೆ ಬಹಳ ಬೇಸರವಾಗಿತ್ತು. ಅಷ್ಟು ಜನರ ನಡುವೆ ಕೂತು, ಹೊಟ್ಟೆ ತುಂಬ ಉಂಡು, ಒಂದು ಮಾತನ್ನೂ ಆಡದೆ ಬಂದ ಹಾಗೆ ಅನಿಸಿತು.

ಅದಲುಬದಲಿಗೆ ಜುಲೈ ಕೊನೆಯ ದಿನವೇ ಗಡುವು. ಅವತ್ತು ಆರು ಗಂಟೆಗೆ ಫೋನು ಬಡಿದುಕೊಂಡಾಗ ಜಗನ್ನಾಥ ಮೂರನೆಯ ಸದ್ದಿನವರೆಗೆ ತಡೆದು ಎತ್ತಿದ. ಕಾಯುತ್ತಾ ಕೂತಿದ್ದನೆಂದು ಶರಣಪ್ಪನಿಗೆ ತಿಳಿಯಬಾರದಲ್ಲ.

“ಏನಪಾ, ಇವತ್ತಾರ ಮನಸ ಮಾಡ್ತೀಯೋ ಇಲ್ಲೋ?”

“ಮಾಡೂದಿರ್ತದ. ಮೊನ್ನೆ ಗುಂಡ್ಯಾ ಏನ್ ಹೊಡದಾ ನೋಡಿದೀ?”

“ನೋಡಿಲ್ಲ,” ಎಂದ ಶರಣಪ್ಪ. “ಅವನ ಸುಳಿ ಹೇಳು ಮೊದಲ.”

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಜಗನ್ನಾಥ ಹೇಳಿದ. ಗುಂಡ್ಯಾನ ಮುಂಗೈ ವಸಂತದಲ್ಲಿ ಉಳುಕಿತ್ತು, ಈಗ ನೆಟ್ಟಗಾಗಿದೆ. ಚನಬಸ್ಯಾ ಓಡುವುದೇನೋ ಓಡುತ್ತಾನೆ, ಎಡಗೈಯಲ್ಲಿ ಎಸೆಯುವವರ ಎದುರು ತಡಬಡಾಯಿಸುತ್ತಾನೆ. ಇಷ್ಟೇ ಐಬು ಎಂದ. ಇನ್ನೊಂದು ಸುಳಿ, ಎಲ್ಲಕ್ಕಿಂತ ದೊಡ್ಡದು, ಗಂಟಲವರೆಗೆ ಬಂದದ್ದನ್ನು ನುಂಗಿಕೊಂಡ.

“ಈಗ ನೀ ಹೇಳು. ದೇಸಾಯರ ಸುಳಿ ಏನು?”

“ದೇಸಾಯರಿಗೆ ಏನೂ ಐಬಿಲ್ಲ,” ಎಂದ ಶರಣಪ್ಪ. “ಸುಳಿ ನಂದ ಐತಿ. ನಾ ಇದೊಂದ ವರ್ಷ ಮುಗಿಸಿ ಆಟ ಬಿಡ್ತೀನಿ.”

“ಬಿಡ್ತೀ? ಹಂಗಾದರ ನನ್ನ ಹುಡುಗರನ್ನ ಇಟಗೊಂಡು ಏನ್ ಮಾಡಾಂವಾ? ಅವರು ಆಡೂದು ಇನ್ನ ಎರಡು ವರ್ಷಕ್ಕ.”

“ನಿನ್ನ ಹುಡುಗರು ನನಗೆಲ್ಲಿ ಬೇಕಾಗ್ಯಾರೋ. ಬಿಟ್ಟಿ ಕೊಟ್ಟರ ನೀ ತಗೊಳ್ಳಾಂವ ಅಲ್ಲ, ಅದಕ್ಕ ಕೇಳಿದೆ. ತಂಬಿಗಿ ಒಮ್ಮೆ ನಿನ್ನ ಮನೀಗೆ ಬರ್ಲಿ ಅಂತ,” ಎಂದ ಶರಣಪ್ಪ. “ಅವ್ವ ಹೋಗಿಬಿಟ್ಲು ಜಗ್ಯಾ. ಮಾರ್ಚದಾಗ.”

ಮಾರ್ಚಿನಲ್ಲಿ, ಎಲ್ಲರೂ ಫೋನಿನಲ್ಲೇ ಸೇರಿ ಆಟಗಾರರನ್ನು ಹಂಚಿಕೊಳ್ಳುವ ದಿನ, ಶರಣಪ್ಪ ಬಂದಿರಲಿಲ್ಲ. ಊರಿಗೆ ಹೋಗಿದ್ದಾನೆ ಎಂದು ಆರು ಜನರಲ್ಲೊಬ್ಬನಾದ ಶಿಕಾಗೋದ ಮುಕುಂದ ಹೇಳಿ, ಅವನ ಪರವಾಗಿ ತಾನೇ ಆಟಗಾರರನ್ನು ಆರಿಸಿದ್ದ. ಊರಿಗೆ ಯಾಕೆ ಎಂದು ಜಗನ್ನಾಥ ಕೇಳಿರಲಿಲ್ಲ.

“ನನಗ ಯಾರೂ ಹೇಳಲಿಲ್ಲಲ್ಲೋ.”

“ಬ್ಯಾರೆಯವರ ಬಾಯಿಂದ ನಿನಗ ಗೊತ್ತಾಗೂದು ಬ್ಯಾಡ ಅಂತ ಮುಕುಂದಗ ನಾನ ಹೇಳಿದ್ದೆ. ನೀ ಆಕಿ ಕೈಯಾಗಿನ ರೊಟ್ಟಿ ತಿಂದಾಂವ. ಏಪ್ರಿಲ್‌ದಾಗ ಅದನ್ನ ಹೇಳಾಕಂತನ ಫೋನ್ ಹಚ್ಚಿದ್ದೆ. ನಾ ಬಾಯಿ ತಗಿಯೂದರಾಗ ನೀ, ಗುಂಡ್ಯಾನ ಕೈ ಉಳಕೇತಿ ಅಂತ ಶುರು ಮಾಡಿದಿ. ಆಮ್ಯಾಲ ಜೂನ್‌ದಿಂದ ವಾರಾವಾರಾ ಹಚ್ಚೀನಿ. ಒಮ್ಮೆ ಆದರೂ, ಮನ್ಯಾಗ ಹೆಂಗದಾರಲೇ ಅಂತೀ ಏನೋ ಅಂತ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗನ್ನಾಥನಿಗೆ ಎಷ್ಟೋ ಹಗುರಾಗುತ್ತಿತ್ತು. “ಇರ್ಲಿ ಬಿಡು. ಸುಳಿ ಹೇಳೀನಿ. ಕೊಟ್ಟೆ.”

ಹೌನ್ಸ್ಲೋದ ಮನೆಗಳ ತಲೆಯ ಮೇಲೆ ಒಂದಾದ ಮೇಲೊಂದು ವಿಮಾನ ಇಳಿಯುತ್ತಲೇ ಇರುತ್ತದೆ. ಆಗಲೂ ಒಂದು ಇಳಿಯಿತು, ಕಿಟಕಿಯ ಗಾಜು ಗುರುಗುಟ್ಟಿತು. ಜಗನ್ನಾಥನ ಕಣ್ಣ ಮುಂದೆ ನವಲಗುಂದದ ಆ ಅಡಿಗೆಮನೆ ಬಂತು. ಕಾಲೇಜಿಗೆ ರಜೆ ಸಿಕ್ಕಾಗೆಲ್ಲ ಶರಣಪ್ಪನ ಜೊತೆ ಅಲ್ಲಿಗೆ ಹೋಗುತ್ತಿದ್ದ. ನಾಗವ್ವ ಒಲೆಯ ಮುಂದೆ ಕೂರಿಸಿಕೊಂಡು ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, “ನಮ್ಮನ್ಯಾಗ ಉಂಡಿ ಅಂತ ನಿಮ್ಮವ್ವಗ ಹೇಳಬ್ಯಾಡಪಾ ಜಗಣ್ಣಾ,” ಎಂದು ನಗುತ್ತಿದ್ದಳು. ಮಡಿಯ ಮನೆಯ ಹುಡುಗ ಅವನು. ಜಗಣ್ಣ ಎಂದು ಕರೆಯುತ್ತಿದ್ದವಳು ಜಗತ್ತಿನಲ್ಲಿ ಆಕೆಯೊಬ್ಬಳೇ.

ಹೇಳಬೇಕಾದದ್ದು ಬೇಕಾದಷ್ಟಿತ್ತು. ಆ ಕಡೆ ಶರಣಪ್ಪ ಕಾಯುತ್ತಿದ್ದ. ಏನಾದರೂ ಅನ್ನಲೇಬೇಕಿತ್ತು. ಆ ಫೋನಿನಲ್ಲಿ ಒಂಬತ್ತು ವರ್ಷ ಆಡಿ ಆಡಿ ರೂಢಿಯಾದ ಮಾತೊಂದೇ ಕೈಗೆ ಸಿಕ್ಕಿತು.

“ತಗೊಂಡೆ,” ಎಂದ.

“ಛಲೋ ಆತು,” ಎಂದ ಶರಣಪ್ಪ. ಫೋನು ಇಟ್ಟ.

ದೇಸಾಯರು ಮೋಸ ಮಾಡಲಿಲ್ಲ. ಆಗಸ್ಟ್, ಸೆಪ್ಟೆಂಬರ್ ಎರಡೂ ತಿಂಗಳು ಆ ಆರೂವರೆ ಅಡಿಯ ಮನುಷ್ಯ ನಗದೆ ಎಸೆದ, ಎಸೆದಾಗೆಲ್ಲ ಗೆದ್ದ. ಜಗನ್ನಾಥ ದಿನಾ ಪತ್ರಿಕೆ ಕೊಂಡ. ದೇಸಾಯರ ಸಾಲು ಓದಿದ ಮೇಲೆ ಕಣ್ಣು ತಾನಾಗಿ ಕೆಳಗೆ ಸರಿದು ಆ ಸಣ್ಣ ಊರುಗಳ ಸಣ್ಣಕ್ಷರದಲ್ಲಿ ಗುಂಡ್ಯಾನನ್ನು ಹುಡುಕುತ್ತಿತ್ತು. ಅವನು ಈಗ ತನ್ನವನಲ್ಲ ಎಂದು ನೆನಪಾದಾಗ ಪತ್ರಿಕೆ ಮಡಿಸಿಬಿಡುತ್ತಿದ್ದ. ತುಪ್ಪದ ಚಮಚ ಡಬ್ಬಿಯಲ್ಲೇ ಉಳಿಯಿತು.

ಸಂಜೆ ಆರಕ್ಕೆ ಮನೆ ಸೇರುವ ಚಾಳಿ ಮಾತ್ರ ಬಿಡಲಿಲ್ಲ. ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತು, ಇವತ್ತು ನಾನೇ ಮಾಡುತ್ತೇನೆ ಎಂದುಕೊಳ್ಳುತ್ತಿದ್ದ. ಏನೆಂದು ಶುರು ಮಾಡುವುದು? ಅವ್ವನ ಸುದ್ದಿಗೆ ತಗೊಂಡೆ ಎಂದವನು ಈಗ ಯಾವ ಬಾಯಿಂದ ಮಾತಾಡಲಿ? ನಾಚಿಕೆಯಿಂದ ಅವನ ಮೈ ಹಿಡಿಯಾಗುತ್ತಿತ್ತು. ಎದ್ದು ಹೋಗಿ ಅಕ್ಕಿ ತೊಳೆಯುತ್ತಿದ್ದ.

ಆ ವರ್ಷ ಜಗನ್ನಾಥನೇ ಗೆದ್ದ. ಅಕ್ಟೋಬರಿನಲ್ಲಿ ಪಾರ್ಸಲ್ ಬಂತು. ಹಿಂದಿನ ವರ್ಷ ಗೆದ್ದಿದ್ದ ಮುಕುಂದ ಕಳಿಸಿದ್ದು. ಹಳೆಯ ಪತ್ರಿಕೆಗಳ ಉಂಡೆಗಳ ನಡುವಿನಿಂದ ಜಗನ್ನಾಥ ತಂಬಿಗೆಯನ್ನು ಹೊರಗೆಳೆದ. ನೆನಪಿನಲ್ಲಿದ್ದುದಕ್ಕಿಂತ ಸಣ್ಣದಾಗಿತ್ತು. ಹುಣಸೆಹಣ್ಣು ಹಚ್ಚಿ ಉಜ್ಜಿದ. ಉಜ್ಜುವಾಗ ಸೊಟ್ಟ ಕಂಠದ ಕೆಳಗೆ ಅಕ್ಷರಗಳು ಕೈಗೆ ತಾಕಿದವು. ಪಾತ್ರೆ ಅಂಗಡಿಯವನು ಮೊಳೆಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದುಕೊಟ್ಟ ಹೆಸರು, ನಾಗವ್ವ. ಇಷ್ಟು ವರ್ಷ ಇದಕ್ಕಾಗಿ ಎಲ್ಲರೂ ಗುದ್ದಾಡಿದ್ದರು, ಗೆದ್ದದ್ದನ್ನು ಮನೆಯಲ್ಲಿ ಮೆರೆಸಿದ್ದರು. ಆಕೆಯದನ್ನು ಆಕೆಗೆ ಮರಳಿಸಬೇಕೆಂದು ಒಬ್ಬರಿಗೂ ಅನಿಸಿರಲಿಲ್ಲ. ಜಗನ್ನಾಥ ಅಡಿಗೆಮನೆಯ ಸಿಂಕಿನ ಮುಂದೆ ನಿಂತೇ ಅತ್ತ.

ಆಮೇಲೆ ಫೋನಿನ ಹತ್ತಿರ ಬಂದ. ಆರಾಗಿತ್ತು, ಶರಣಪ್ಪ ಊಟಕ್ಕೆ ಎದ್ದಿರುತ್ತಾನೆ. ಅವನ ಆಫೀಸಿನ ನಂಬರು ಹುಡುಕಹೋದಾಗ ತನ್ನ ಬಳಿ ಅದು ಇಲ್ಲವೆಂದು ತಿಳಿಯಿತು. ಒಂಬತ್ತು ವರ್ಷದಲ್ಲಿ ಬೇಕಾಗಿಯೇ ಇರಲಿಲ್ಲ. ಮನೆಯ ಹಳೆಯ ನಂಬರಿಗೆ ಮಾಡಿದ. ಅಷ್ಟು ಹೊತ್ತಿಗೆ ಅಲ್ಲಿ ಯಾರಿರುತ್ತಾರೆ, ಗಂಟೆ ಬಾರಿಸಿ ಬಾರಿಸಿ ಯಂತ್ರ ಎತ್ತಿಕೊಂಡಿತು. ಶರಣಪ್ಪನ ಹೆಂಡತಿ ಗುರುದೇವಿಯ ದನಿ ಇಂಗ್ಲಿಷಿನಲ್ಲಿ, ನಾವು ಮನೆಯಲ್ಲಿಲ್ಲ, ಸದ್ದು ಬಂದ ಮೇಲೆ ನಿಮ್ಮ ಸಂದೇಶ ಹೇಳಿ ಎಂದಿತು. ಸದ್ದು ಬಂತು.

“ಶರಣಪ್ಪಾ, ನಾನು ಜಗನ್ನಾಥ,” ಎಂದ. “ಯಾಪಾರದ ಮಾತಿಲ್ಲ. ಅಂದರ, ಅದ. ಹುಡುಗರ ಸುಳಿ ಹೇಳುವಾಗ ಒಂದು ಮುಚ್ಚಿಟ್ಟಿದ್ದೆ. ಅವರನ್ನ ನಾ ಯಾಕ ಕೊಡವಲ್ನಾಗಿದ್ದೆ ಅಂದರ, ಅವರು ನನ್ನ ಕಡೆ ಇರೂ ತನಕ ನೀ ಫೋನ್ ಹಚ್ತಿದ್ದೆಲ್ಲ, ಅದಕ್ಕ. ಮತ್ತೇನಲ್ಲ. ನಿನ್ನ ದನಿ ಕೇಳ್ತಿತ್ತು ವಾರಾವಾರಾ. ಸುಳಿ ಮುಚ್ಚಿಟ್ಟರ ಯಾಪಾರ ಮುರೀತದ, ನಿನಗ ಗೊತ್ತದ. ದೇಸಾಯರು ನಿನ್ನವರು. ತಂಬಿಗಿನೂ ನಿಂದು. ಅದರ ಮ್ಯಾಲ ಅವ್ವನ ಹೆಸರದ, ನೋಡಿದ್ದೇನು? ನಾ ಇವತ್ತ ನೋಡಿದೆ. ಪಾರ್ಸಲ್ ಮಾಡೂದಿಲ್ಲ, ನಾನ ತಗೊಂಡು...”

ಯಂತ್ರ ಕುಂಯ್ ಎಂದು ಮಾತನ್ನು ಕತ್ತರಿಸಿತು. ಅದರ ಹೊಟ್ಟೆ ಅಷ್ಟೇ ಇದ್ದಿರಬೇಕು. ಜಗನ್ನಾಥ ರಿಸೀವರ್ ನೋಡುತ್ತಾ ನಿಂತ. ಇಷ್ಟೆಲ್ಲ ಹೇಳಿಯೂ ಮತ್ತೆ ಸುಳಿ, ಯಾಪಾರ, ದೇಸಾಯರು ಎಂದೇ ಹೇಳಿದ್ದ. ಕೇಳಬೇಕಾದದ್ದನ್ನು ಈಗಲೂ ಕೇಳಿರಲಿಲ್ಲ.

ಮತ್ತೊಮ್ಮೆ ನಂಬರು ಒತ್ತಿದ. ಗುರುದೇವಿ ಮತ್ತೆ ಇಂಗ್ಲಿಷಿನಲ್ಲಿ ಹೇಳುವುದನ್ನೆಲ್ಲ ಹೇಳಿ ಮುಗಿಸುವವರೆಗೆ ಕಾದ. ಮೇಲೆ ವಿಮಾನವೊಂದು ಇಳಿಯುತ್ತಿತ್ತು, ಅದು ದಾಟಲಿ ಎಂದೂ ಕಾದ.

“ಅವ್ವಗ ಏನಾಗಿತ್ತೋ ಶರಣಪ್ಪಾ?” ಎಂದು ಕೇಳಿದ. “ಭಾಳ ಸಂಕಟ ಆತೇನು ಆಕಿಗೆ?”

ಅಷ್ಟು ಕೇಳಿ ಸುಮ್ಮನಾದ. ಎದುರಿಗೆ ಯಾರೋ ಇದ್ದಾರೆ, ಈಗ ಹೇಳುತ್ತಾರೆ ಎನ್ನುವ ಹಾಗೆ ತಂಬಿಗೆಯನ್ನು ಒಂದು ಕೈಯಲ್ಲಿ ಹಿಡಿದು, ರಿಸೀವರನ್ನು ಕಿವಿಗೆ ಒತ್ತಿಕೊಂಡು, ಕ್ಲೀವ್‌ಲ್ಯಾಂಡಿನ ಆ ಖಾಲಿ ಮನೆಯಲ್ಲಿ ಟೇಪು ತಿರುಗುವುದನ್ನು ಅದು ತಾನಾಗಿ ನಿಲ್ಲುವವರೆಗೆ ಕೇಳಿದ.